ಎಳೆಯ ಮಕ್ಕಳ ಬುದ್ಧಿಮಾಂದ್ಯ: ತಡೆಯಬಹುದಾದ ಕೆಲವು ಕಾರಣಗಳು

ಮಗುವೊಂದು ನಡೆ-ನುಡಿಗಳಲ್ಲಿ ಹಿಂದುಳಿದಾಗ ಅದನ್ನು ಹಣೆಬರಹವೆಂದು ತಿಳಿದು ಕೈಚೆಲ್ಲುವುದು ಲೋಕರೂಢಿ. ಆದರೆ ಬುದ್ಧಿಮಾಂದ್ಯವನ್ನು ತರುವ ವಂಶಾಗತ ರೋಗಗಳಲ್ಲಿ ಕೆಲವು ಸಕಾಲದಲ್ಲಿ ಪತ್ತೆಯಾದರೆ ಚಿಕಿತ್ಸೆಗೆ ಮಣಿಯುತ್ತವೆ.

ಉಂಡ ಆಹಾರವು ದೇಹದಲ್ಲಿ ಹಂತಹಂತವಾಗಿ ಮಾರ್ಪಡುವ ಕ್ರಿಯೆಯೇ ಚಯಾಪಚಯ. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ ಅಗತ್ಯ. ಕಿಣ್ವವು ಹುಟ್ಟಿನಿಂದಲೇ ಕುಂಠಿತವಾಗಿದ್ದರೆ, ಹಳ್ಳಕ್ಕೆ ಅಡ್ಡ ಬಿದ್ದ ಮರದಿಂದ ನೀರು ಗದ್ದೆಗೆ ನುಗ್ಗುವಂತೆ, ಮಾರ್ಪಡದೆ ಉಳಿದ ವಸ್ತು ರಕ್ತದಲ್ಲಿ ತುಂಬಿ ಮೆದುಳನ್ನು ಕೆಡಿಸುತ್ತದೆ. ತಂದೆ-ತಾಯಿ ಇಬ್ಬರೂ ಆರೋಗ್ಯವಂತರಾಗಿದ್ದು ದೋಷದ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲು ಅಪಾಯವಿರುತ್ತದೆ. ಸೋದರಮಾವನೊಡನೆ ಅಥವಾ ಸೋದರತ್ತೆಯ ಮಗನೊಡನೆ ವಿವಾಹವಾಗುವ ಕುಟುಂಬಗಳಲ್ಲಿ ಈ ಸಂಭವ ಹೆಚ್ಚು.

ಇಂಥ ರೋಗಗಳಲ್ಲೊಂದಾದ ಫಿನೈಲ್‌ಕೀಟೊನ್ಯೂರಿಯ ಬೆಳಕಿಗೆ ಬಂದುದು ಒಬ್ಬ ತಾಯಿಯ ಛಲದಿಂದ. ತನ್ನ ಎರಡು ಮಕ್ಕಳ ಮೂತ್ರದ ವಿಚಿತ್ರ ವಾಸನೆಗೆ ಕಾರಣವನ್ನರಸಿ ನಾರ್ವೆಯ ಬೋರ್ಗ್ನಿ ಎಗೆಲಂಡ್ ವೈದ್ಯರ ಬಳಿಗೆ ಅಲೆದಳು. 1934ರಲ್ಲಿ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಆ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಹಸಿರಾಯಿತು. ರೋಗದ ಗುರುತು ದೊರೆಯಿತು. ಆದರೆ ಆ ಮಕ್ಕಳಿಗೆ ಕಾಲ ಮೀರಿತ್ತು. 1953ರಲ್ಲಿ ಹೋರ್ಸ್ಟ್ ಬಿಕೆಲ್, ಫಿನೈಲಲನಿನ್ ಕಡಿಮೆಯಿರುವ ಆಹಾರದಿಂದ ರೋಗಿಯ ಸ್ಥಿತಿ ಸುಧಾರಿಸುವುದನ್ನು ತೋರಿಸಿದರು. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗುತ್ರಿ, ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯನ್ನು ಕಾಗದಕ್ಕೆ ಹೀರಿಸಿ ಪರೀಕ್ಷಿಸುವ ಸುಲಭ ವಿಧಾನವನ್ನು ರೂಪಿಸಿದರು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್, ಎ. ರಾಧಾ ರಮಾದೇವಿ ಮೊದಲಾದವರು ರಾಜ್ಯದ ಒಂದು ಲಕ್ಷಕ್ಕೂ ಮಿಕ್ಕಿದ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದ್ದರು. ಇನ್ನೊಂದು ರೋಗವಾದ ಬಯೊಟಿನಿಡೇಸ್ ಕೊರತೆಯಲ್ಲಿ ಸೆಳವು, ಚರ್ಮದ ಗುಳ್ಳೆ, ಕೂದಲುದುರುವಿಕೆ ಕಾಣಿಸಿಕೊಂಡು, ಕಡೆಗೆ ಶ್ರವಣಶಕ್ತಿಯೂ ಕುಂದಬಹುದು. ಇದಕ್ಕೆ ಔಷಧ ದಿನವೂ ಸೇವಿಸುವ ಬಯೊಟಿನ್ ಎಂಬ ಜೀವಸತ್ವ. ಬೇಗ ಆರಂಭಿಸಿದರೆ ಮಗು ಸಹಜವಾಗಿ ಬೆಳೆಯಬಲ್ಲದು. ಒಮ್ಮೆ ಹೋದ ಶ್ರವಣಶಕ್ತಿ ಮಾತ್ರ ಸಾಮಾನ್ಯವಾಗಿ ಮರಳದು.

ಬಣಕಲ್ಲಿನಂತಹ ಮಲೆನಾಡಿನ ಊರಿಗೆ ಈ ಕಾಗದದ ಉಪಯೋಗ ವಿಶೇಷವಾದುದು. ಮಗುವನ್ನು ದೂರದ ನಗರಕ್ಕೆ ಒಯ್ಯದೆ, ಒಣಗಿದ ಹನಿಯನ್ನು ಲಕೋಟೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಹನಿ ಬಿಸಿಲಿಗೂ ಒಲೆಯ ಶಾಖಕ್ಕೂ ಸಿಕ್ಕದೆ ಗಾಳಿಯಲ್ಲಿ ಪೂರ್ತಿ ಒಣಗಬೇಕು. ಆಷಾಢದ ತೇವದಲ್ಲಿ ಇದಕ್ಕೆ ಹೆಚ್ಚಿನ ಎಚ್ಚರ ಅವಶ್ಯ.

ಆರನೆಯ ವಯಸ್ಸಿನಲ್ಲಿ ಶಾಲೆಯ ಮೆಟ್ಟಿಲೇರುವ ಮಗುವಿನಲ್ಲಿ ಶಿಕ್ಷಕರು ದೋಷವನ್ನು ಕಾಣುವ ಹೊತ್ತಿಗೆ ಮೆದುಳಿಗಾದ ಹಾನಿ ಬಹುಪಾಲು ಮರಳಿ ಸರಿಹೋಗದು. ಆದರೂ ಅವರ ಎಚ್ಚರ ವ್ಯರ್ಥವಲ್ಲ. ಆ ಮಗುವಿನ ರೋಗ ನಿರ್ಣಯವಾದರೆ, ಅದೇ ಮನೆಯಲ್ಲಿ ಮುಂದೆ ಹುಟ್ಟುವ ತಮ್ಮನನ್ನೋ ತಂಗಿಯನ್ನೋ ಮೊದಲ ವಾರದಲ್ಲಿಯೇ ಪರೀಕ್ಷಿಸಿ ಉಳಿಸಿಕೊಳ್ಳಬಹುದು. ಮಕ್ಕಳನ್ನು ಪಡೆಯುವ ವಯಸ್ಸಿನ ಹಳೆಯ ವಿದ್ಯಾರ್ಥಿಗಳಿಗೆ, ತೋಟದ ಲೈನ್‌ಮನೆಗಳ ತಾಯಂದಿರಿಗೆ ಈ ತಿಳಿವಳಿಕೆಯನ್ನು ತಲುಪಿಸುವುದು ವಿದ್ಯಾಸಂಸ್ಥೆಗೆ ಒಪ್ಪುವ ಕಾಯಕ. ಪರೀಕ್ಷೆಯ ವೆಚ್ಚವನ್ನು ಭರಿಸಲಾರದ ಮನೆಗೆ ನೆರವಾಗುವುದು ದಾಸೋಹವೇ ಸರಿ.