ದಿನ ಗೊತ್ತುಮಾಡುವ ಮೊದಲು ತಿಥಿ ನೋಡಿ

ಗೋಕರ್ಣದಿಂದ ದಕ್ಷಿಣಕ್ಕೆ ಕಡಲಂಚಿನ ಗುಡ್ಡ ಹತ್ತಿಳಿಯುತ್ತ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಒಂದೊಂದೇ ತೀರ ಮುಟ್ಟುವ ಕಾಲುದಾರಿ ಮಕ್ಕಳ ಮೊದಲ ಚಾರಣಕ್ಕೆ ಹೇಳಿಮಾಡಿಸಿದಂತಿದೆ. ಏರು ಕಡಿಮೆ, ದಣಿದಾಗೆಲ್ಲ ಕೂರಲು ಒಂದು ತೀರ ಸಿಗುತ್ತದೆ. ಈ ದಾರಿಯ ಬಗ್ಗೆ ಅಪ್ಪ ಅಮ್ಮಂದಿರು ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್?’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಅಂದು ಸಮುದ್ರದ ಇಳಿತ ಎಷ್ಟು ಹೊತ್ತಿಗೆ?

ದಾರಿಯ ಬಹುಪಾಲು ನೀರಿನ ಹಂಗಿಲ್ಲದ್ದು. ಗೋಕರ್ಣದ ಮುಖ್ಯ ತೀರದ ದಕ್ಷಿಣ ತುದಿಯಲ್ಲಿ ರಾಮತೀರ್ಥದ ಬಳಿ ಮೆಟ್ಟಿಲು ಹತ್ತಿದರೆ ಜಂಬಿಟ್ಟಿಗೆಯ ಬೋಳುಗುಡ್ಡ. ಅಲ್ಲಿಂದ ಕುಡ್ಲೆಗೆ ಇಳಿದು, ಮತ್ತೆ ಹತ್ತಿ, ಓಂ ತೀರದವರೆಗೆ ನಿಶ್ಚಿಂತೆಯಾಗಿ ಹೋಗಬಹುದು. ಕುಡ್ಲೆಯಿಂದ ಓಂಗೆ ದೊಡ್ಡವರ ಹೆಜ್ಜೆಗೆ ಅರ್ಧ ಗಂಟೆ. ಮಕ್ಕಳಿದ್ದರೆ ಅದರ ಎರಡರಷ್ಟು ಎಂದು ಲೆಕ್ಕ ಹಾಕಿ. ಸಮುದ್ರದ ಮಾತು ನಡೆಯುವುದು ಎರಡು ಕಡೆ. ಒಂದು, ಓಂ ತೀರದ ನಡುವೆ ನೀರಿನೊಳಕ್ಕೆ ಚಾಚಿದ ಬಂಡೆಗಳು. ಇನ್ನೊಂದು, ಹಾಫ್ ಮೂನ್ ದಾಟಿ ಪ್ಯಾರಡೈಸ್‌ಗೆ ಹೋಗುವಾಗ ಅಲೆಯ ಪಕ್ಕದಲ್ಲೇ ಕಲ್ಲಿನಿಂದ ಕಲ್ಲಿಗೆ ಕಾಲಿಡಬೇಕಾದ ತುಣುಕು. ಇಳಿತದಲ್ಲಿ ಅದು ಹತ್ತು ವರ್ಷದ ಮಗುವಿಗೆ ಖುಷಿಯ ಆಟ. ಉಬ್ಬರದಲ್ಲಿ ದೊಡ್ಡವರೂ ಅಲ್ಲಿಗೆ ಹೋಗಬಾರದು.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಚಂದ್ರನನ್ನು ಹಿಂಬಾಲಿಸುವುದರಿಂದ ಈ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಭಾಗದಲ್ಲಿ ಹೆಚ್ಚುಕಡಿಮೆ ನಡುಹಗಲಿಗೆ ಉಬ್ಬರ, ಸಂಜೆಯ ಕಡೆಗೆ ಇಳಿತ. ಏರಿಳಿತದ ಅಂತರವೂ ಆಗಲೇ ಹೆಚ್ಚು. ಷಷ್ಠಿಯಿಂದ ಅಷ್ಟಮಿಯವರೆಗಿನ ದಿನಗಳಲ್ಲಿ ಇಳಿತ ಬೆಳಗಿನ ಒಂಬತ್ತು–ಹನ್ನೊಂದರ ನಡುವೆ ಬೀಳುತ್ತದೆ. ನೀರು ತೀರಾ ಕೆಳಗಿಳಿಯುವುದಿಲ್ಲ ನಿಜ, ಆದರೆ ತೀರಾ ಮೇಲೂ ಏರುವುದಿಲ್ಲ. ಮಕ್ಕಳನ್ನು ಕರೆದೊಯ್ಯುವವರಿಗೆ ನಾನು ಹೇಳುವುದು ಈ ದಿನಗಳನ್ನೇ. ಹುಣ್ಣಿಮೆಯ ಬೆಳದಿಂಗಳಿಗೆ ಮನಸೋತು ದಿನ ಗೊತ್ತುಮಾಡುವವರು ಬಹಳ, ಆದರೆ ಆ ನಡುಹಗಲಲ್ಲಿ ಕಲ್ಲಿನ ದಾರಿ ನೀರಿನ ಪಾಲಾಗಿರುತ್ತದೆ.

ತಿಥಿಯಿಂದ ಸಿಗುವುದು ಅಂದಾಜು ಮಾತ್ರ. ಸರಿಯಾದ ಹೊತ್ತಿಗೆ ಭಾರತೀಯ ಸರ್ವೇಕ್ಷಣ ಇಲಾಖೆಯ ಉಬ್ಬರವಿಳಿತದ ಕೋಷ್ಟಕದಲ್ಲಿ ಕಾರವಾರದ ಅಂಕಿ ನೋಡಬೇಕು; ಮೊಬೈಲಿನ ಟೈಡ್ ಆ್ಯಪ್‌ಗಳಲ್ಲೂ ಕಾರವಾರ ಸಿಗುತ್ತದೆ. ಹಿಂದಿನ ಸಂಜೆ ತೀರದಲ್ಲಿ ಬಲೆ ಬಿಡಿಸುತ್ತ ಕುಳಿತ ಮೀನುಗಾರರನ್ನು ಒಂದು ಮಾತು ಕೇಳಿ. ಕೋಷ್ಟಕದಲ್ಲಿರದ ಅಲೆಯ ಸಮಾಚಾರವನ್ನೂ ಅವರು ಹೇಳುತ್ತಾರೆ.

ನೀರು ಏರುವ ಬಗೆಯನ್ನೂ ತಿಳಿದಿರಬೇಕು. ಅದು ಗಂಟೆ ಗಂಟೆಗೂ ಒಂದೇ ಸಮನೆ ಏರುವುದಿಲ್ಲ. ಇಳಿತ ಮುಗಿದ ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡನೇ ಒಂದು ಪಾಲಷ್ಟೇ. ಹಾಗಾಗಿ ‘ಏನೂ ಬದಲಾಗಿಲ್ಲವಲ್ಲ’ ಎಂದು ಜನ ಇನ್ನೂ ಸ್ವಲ್ಪ ಹೊತ್ತು ಕೂರುತ್ತಾರೆ. ಮೂರನೇ, ನಾಲ್ಕನೇ ಗಂಟೆಗಳೆರಡರಲ್ಲೇ ಅರ್ಧ ಏರಿಕೆ ಆಗಿಬಿಡುತ್ತದೆ. ಅಂದಿನ ಏರಿಳಿತ ಒಂದೂವರೆ ಮೀಟರ್ ಇದ್ದರೆ ಆ ಎರಡು ಗಂಟೆಗಳಲ್ಲಿ 75 ಸೆಂಟಿಮೀಟರ್: ಐದು ವರ್ಷದ ಮಗುವಿನ ಸೊಂಟ ಮುಳುಗುವಷ್ಟು. ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ, ನೀರು ಇಳಿಯುತ್ತಿರುವಾಗಲೇ ಕಲ್ಲಿನ ತುಣುಕು ದಾಟಿ. ಇಳಿತ ಕಳೆದು ಒಂದು ಗಂಟೆಯೊಳಗೆ ಮರಳಿ ಹಾಫ್ ಮೂನ್‌ನಲ್ಲಿರಿ. ಹೊರಳುವ ಗಂಟೆಯನ್ನು ಮನೆಯಲ್ಲೇ ಬರೆದಿಟ್ಟುಕೊಂಡು ಹೊರಡಿ. ನೀರಾಟದ ನಡುವೆ ಮಕ್ಕಳ ಜತೆ ಆ ಚೌಕಾಸಿ ಗೆಲ್ಲುವುದು ಕಷ್ಟ.

ಮಕ್ಕಳಿಗೂ ಈ ಲೆಕ್ಕ ಕಲಿಸಬಹುದು, ಅವರಿಗದು ಇಷ್ಟವೂ ಆಗುತ್ತದೆ. ಬಂಡೆಯ ಮೇಲೆ ಹಸಿರು ಪಾಚಿ ಎಲ್ಲಿಯವರೆಗಿದೆ, ಚಿಪ್ಪುಗಳು ಎಲ್ಲಿಯವರೆಗೆ ಅಂಟಿವೆ, ಮರಳಿನ ಮೇಲೆ ಕಸಕಡ್ಡಿಯ ಗೆರೆ ಎಲ್ಲಿ ಬಿದ್ದಿದೆ ಎಂದು ಹುಡುಕಲು ಹೇಳಿ. ಕಳೆದ ಉಬ್ಬರ ಅಲ್ಲಿಯವರೆಗೆ ಬಂದಿತ್ತು ಎಂಬುದು ಅವರಿಗೇ ಹೊಳೆಯುತ್ತದೆ. ಇಳಿತದಲ್ಲಿ ಕಲ್ಲುಗಳ ನಡುವೆ ಉಳಿದ ಪುಟ್ಟ ಹೊಂಡಗಳಲ್ಲಿ ಏಡಿ, ಬಸವನಹುಳು, ಬೆರಳುದ್ದದ ಮೀನು ಕಾಣುತ್ತವೆ. ಅಲ್ಲಿ ಹತ್ತು ನಿಮಿಷ ಬಗ್ಗಿ ಕೂರಲು ಬಿಡಿ. ಅಷ್ಟು ಹೊತ್ತೂ ದೊಡ್ಡವರೊಬ್ಬರು ಸಮುದ್ರದ ಕಡೆ ಮುಖ ಮಾಡಿ ನಿಂತಿರಬೇಕು. ಪಾಚಿಯ ಕಲ್ಲು ಜಾರುತ್ತದೆ, ಚಿಪ್ಪಿನ ಅಂಚು ಕೊಯ್ಯುತ್ತದೆ, ಗುಡ್ಡದ ಮೇಲಿನ ಸಡಿಲ ಜಲ್ಲಿಯೂ ಕಾಲಡಿ ಸರಿಯುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಸಿ. ಗುಡ್ಡದ ಅಂಚಿಗೆ ಬೇಲಿ ಇರುತ್ತದೆಂದು ನೆಚ್ಚಬೇಡಿ, ಚಿಕ್ಕವರ ಕೈ ಬಿಡಬೇಡಿ. ನೆರಳು ಕಡಿಮೆ, ಟೋಪಿ, ತಲೆಗೊಂದು ಲೀಟರ್ ನೀರು ಇರಲಿ.

ಕೋಷ್ಟಕ ಹೇಳುವುದು ನೀರಿನ ಮಟ್ಟವನ್ನು ಮಾತ್ರ, ಅಲೆಯ ಎತ್ತರವನ್ನಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಹೊರಡಿಸುವ ಎತ್ತರದ ಅಲೆಗಳ ಮುನ್ನೆಚ್ಚರಿಕೆಯನ್ನು ಹೊರಡುವ ದಿನ ನೋಡಿಯೇ ನೋಡಬೇಕು. ಮಾರ್ಚ್‌ನಿಂದ ಮೇವರೆಗೆ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆಗಳು ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ಬಡಿಯುವುದುಂಟು. ಮಳೆಗಾಲದಲ್ಲಂತೂ ಈ ಚಾರಣದ ಮಾತೇ ಬೇಡ. ಆಗ ಅಲೆಗಳು ತೀರದ ಮರಳನ್ನು ಎಳೆದೊಯ್ಯುತ್ತವೆ, ಜನವರಿಯ ಫೋಟೋದಲ್ಲಿ ಕಂಡ ಅಗಲವಾದ ತೀರ ಜುಲೈನಲ್ಲಿ ಇರುವುದಿಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಒಳ್ಳೆಯ ಕಾಲದಲ್ಲೂ ಈಜು ಬೇರೆಯದೇ ವಿಷಯ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಜೀವರಕ್ಷಕರಿಲ್ಲದ ಹಾಫ್ ಮೂನ್, ಪ್ಯಾರಡೈಸ್‌ಗಳಲ್ಲಿ ಮಕ್ಕಳನ್ನು ನೀರಿಗಿಳಿಸಲೇಬೇಡಿ.

ಆರು ವರ್ಷದೊಳಗಿನವರಿದ್ದರೆ ಓಂ ತೀರಕ್ಕೇ ಚಾರಣ ಮುಗಿಸಿ; ಅಷ್ಟರಲ್ಲೇ ಅವರಿಗೆ ಕಡಲೂ ಗುಡ್ಡವೂ ಸಾಕಷ್ಟಾಗಿರುತ್ತದೆ. ದೊಡ್ಡ ಮಕ್ಕಳೊಂದಿಗೆ ಪ್ಯಾರಡೈಸ್‌ವರೆಗೆ ಹೋಗಿ ಹೊತ್ತು ಮೀರಿತು ಎನ್ನಿ. ಕಲ್ಲಿನ ದಾರಿಯ ಮೇಲೆ ಒಂದೇ ಒಂದು ಅಲೆ ಹಾಯ್ದರೂ ಅತ್ತ ಹೋಗಬೇಡಿ, ಎರಡು ಅಲೆಗಳ ನಡುವೆ ಓಡಿ ದಾಟುವ ಯೋಚನೆಯನ್ನಂತೂ ಮಾಡಲೇಬೇಡಿ. ಕಸಕಡ್ಡಿಯ ಗೆರೆಗಿಂತ ಮೇಲೆ, ಒಣ ನೆಲದಲ್ಲಿ ಕುಳಿತುಕೊಳ್ಳಿ. ಸಮುದ್ರ ಶಾಂತವಾಗಿದ್ದರೆ ಓಂ ಕಡೆಗೆ ಹೋಗುವ ದೋಣಿ ಸಿಗಬಹುದು, ಲೈಫ್ ಜಾಕೆಟ್ ಕೊಟ್ಟರೆ ಮಾತ್ರ ಹತ್ತಿ. ಇಲ್ಲವಾದರೆ ದಕ್ಷಿಣಕ್ಕೆ ಬೇಲೆಕಾನಿನ ಕಡೆಯ ದಾರಿಯನ್ನು ಸ್ಥಳೀಯರನ್ನು ಕೇಳಿಕೊಂಡು ಬೆಳಕಿರುವಾಗಲೇ ಹೊರಡಿ. ಡಿಸೆಂಬರ್‌ನಲ್ಲಿ ಸೂರ್ಯ ಆರು ದಾಟುತ್ತಲೇ ಮುಳುಗುತ್ತಾನೆ. ಯಾರಿಗಾದರೂ ಪೆಟ್ಟಾಗಿದ್ದರೆ 112ಕ್ಕೆ ಕರೆ ಮಾಡಿ, ಸಿಗ್ನಲ್ ಇಲ್ಲದಿದ್ದರೆ ಗುಡ್ಡದ ಮೇಲಕ್ಕೆ ಒಬ್ಬರು ಹತ್ತಿ ಹೋಗಿ ಪ್ರಯತ್ನಿಸಲಿ, ಉಳಿದವರು ಮಕ್ಕಳ ಜತೆ ಕೆಳಗೆ ಒಂದೇ ಕಡೆ ಇರಲಿ.