ಮೊಣಕಾಲು ನೋವಿದ್ದರೆ ಮರಳುದಿಬ್ಬ ಹತ್ತಬಹುದೇ?

ಪ್ರಶ್ನೆ: ನನಗೆ 58 ವರ್ಷ. ಮಗನ ಜೊತೆ ನಮೀಬಿಯಾಕ್ಕೆ ಹೊರಟಿದ್ದೇನೆ. ಮೊಣಕಾಲು ಆಗಾಗ ನೋಯುತ್ತದೆ. ಸೋಸಸ್‌ವ್ಲೇಯ ಮರಳುದಿಬ್ಬ ಹತ್ತಬಹುದೇ?

ಉತ್ತರ: ಖಂಡಿತ ಹೋಗಿ ಬನ್ನಿ; ಆದರೆ ‘ಬಿಗ್ ಡ್ಯಾಡಿ’ ದಿಬ್ಬದ ಆಸೆ ಬಿಡಿ. ಅದರ ಎತ್ತರ ಸುಮಾರು 325 ಮೀಟರ್. ಇಟ್ಟ ಪಾದ ಪ್ರತಿ ಸಲವೂ ಹಿಂದಕ್ಕೆ ಜಾರುತ್ತದೆ, ಮೊಣಕಾಲು ಸೋಲುವುದು ಅಲ್ಲೇ. ಸೋಸಸ್‌ವ್ಲೇ ಇರುವ ಉದ್ಯಾನದ ಸೆಸ್ರಿಯಂ ಗೇಟಿನಿಂದ 45 ಕಿಲೋಮೀಟರ್ ದೂರದ ‘ಡ್ಯೂನ್ 45’ ದಿಬ್ಬ ನಿಮಗೆ ಸರಿ. ತುದಿ ಮುಟ್ಟಲೇಬೇಕೆಂಬ ಹಟ ಬೇಡ. ಅರ್ಧ ಏರಿದರೂ ಆ ಕೆಂಪು ಮರಳ ಸಾಲು ಕಣ್ತುಂಬ ಕಾಣುತ್ತದೆ.

ದಿಬ್ಬದ ಏಣಿನ ಮೇಲೇ ನಡೆಯಿರಿ. ಗಾಳಿ ಬಡಿಯುವ ಬದಿಯ ಮರಳು ಗಟ್ಟಿ. ಮರೆಯ ಬದಿ ಸಡಿಲ, ಇಳಿಜಾರು ಸುಮಾರು 34 ಡಿಗ್ರಿ. ಮುಂದೆ ಹೋದವರ ಹೆಜ್ಜೆಗುರುತಿನಲ್ಲೇ ಪಾದ ಇಡಿ, ಊರುಗೋಲು ಹಿಡಿಯಿರಿ. ಇಳಿಯುವಾಗ ಹಿಮ್ಮಡಿ ಊರಿ, ನಿಧಾನವಾಗಿ.

ಹೊತ್ತು ಬಹಳ ಮುಖ್ಯ. ಉದ್ಯಾನದ ಒಳಗೇ ತಂಗಿದರೆ ಹೊರಗಿನವರಿಗಿಂತ ಮೊದಲೇ ಹೊರಡಬಹುದು. ಬೇಸಿಗೆಯ ಮಧ್ಯಾಹ್ನ ಮರಳು ಪಾದ ಸುಡುತ್ತದೆ, ಮುಚ್ಚಿದ ಶೂ ಹಾಕಿ. ಜೂನ್‌ನಿಂದ ಆಗಸ್ಟ್ ಅಲ್ಲಿ ಚಳಿಗಾಲ. ಬೆಳಗಿನ ಜಾವಕ್ಕೆ ಸ್ವೆಟರ್ ಬೇಕೇ ಬೇಕು. ಹೊರಡುವ ಮುನ್ನ ಮೂಳೆ ವೈದ್ಯರಿಗೆ ಮೊಣಕಾಲು ತೋರಿಸಿ. ನೀರು ನಿಮ್ಮ ಚೀಲದಲ್ಲೇ ಇರಲಿ. ಮಗ ಮುಂದೆ ಹೋಗಿಬಿಟ್ಟರೂ ನಿಮಗೆ ಬಾಯಾರಬಾರದು.