ಇವತ್ತು ಯಾರು ಬಂದಿಲ್ಲ?

ಸೋಮವಾರ ಬಂತು. ಹೊತ್ತು ಮುಳುಗಿತು. ಗುಡಿಯಲ್ಲಿ ದೀಪ ಹಚ್ಚಿದರು. ಹಾರ್ಮೋನಿಯಂ ಪೆಟ್ಟಿಗೆ ತೆರೆದರು. ತಾಳ ಕೂಡಿತು. ಭಜನೆ ಶುರುವಾಯಿತು.

ಇದು ನಮ್ಮ ಗೂಗಲ್ ಊರು. ದೇವದುರ್ಗ ತಾಲೂಕು, ರಾಯಚೂರು ಜಿಲ್ಲೆ. ಪಕ್ಕದಲ್ಲಿ ಕೃಷ್ಣಾ ನದಿ. ನಮ್ಮೂರಿನ ಅಲ್ಲಮಪ್ರಭು ಗುಡಿ ನಿಮಗೆ ಗೊತ್ತೇ ಇದೆ. ಫೋನಿನಲ್ಲಿ ಹುಡುಕುವ ಗೂಗಲ್ ನಿನ್ನೆ ಮೊನ್ನೆಯದು. ನಮ್ಮ ಗೂಗಲ್ ಹಳೆಯದು. ಹೊರಗಿನವರು ಹೆಸರು ಕೇಳಿ ನಗುತ್ತಾರೆ. ನಗಲಿ ಬಿಡಿ.

ನಾನು ಹೇಳುವುದು ನಮ್ಮ ಓಣಿಯ ಭಜನೆಯ ಮಾತು. ಹಾಡುವವರು ಇಪ್ಪತ್ತು ಇಪ್ಪತ್ತೈದು ಮಂದಿ. ಕೇಳುವವರೂ ಇದ್ದಾರೆ. ಭಜನೆ ಮುಗಿದ ಮೇಲೆ ಮಂಗಳಾರತಿ. ಆಮೇಲೆ ಕೊಬ್ಬರಿ ಸಕ್ಕರೆ. ಅದನ್ನು ಹಂಚುವಾಗ ನಮ್ಮ ಹಿರಿಯರು ಒಂದು ಮಾತು ಕೇಳುತ್ತಾರೆ.

"ಇವತ್ತ ಯಾರು ಬಂದಿಲ್ಲರಿ?"

"ಮೂಲಿಮನಿ ಅಜ್ಜಿ ಬಂದಿಲ್ಲ. ಕಾಲು ನೋವು ಅಂತ ಮಲಗ್ಯಾಳ."

"ಹೌದಾ? ಹೋಗೂಮುಂದ ನೋಡಿ ಹೋಗ್ರಿ. ಪ್ರಸಾದ ಕೊಟ್ಟು ಹೋಗ್ರಿ."

ಎಷ್ಟೋ ವರ್ಷ ಈ ಮಾತು ನಮ್ಮ ಕಿವಿಗೆ ಬಿದ್ದಿದೆ. ಅದಕ್ಕೆ ಎಷ್ಟು ಬೆಲೆ ಇದೆ ಎಂದು ನಾವು ಯೋಚಿಸಿರಲಿಲ್ಲ. ಕೊರೋನಾ ಬಂದ ಮೇಲೆ ಯೋಚಿಸಿದೆವು.

2020ರ ಮಾರ್ಚ್ 10. ಕಲಬುರಗಿಯ 76 ವರ್ಷದ ಒಬ್ಬ ಹಿರಿಯರು ತೀರಿಕೊಂಡರು. ಭಾರತದಲ್ಲಿ ಕೊರೋನಾದಿಂದ ಆದ ಮೊದಲ ಸಾವು ಅದು. ಕಲಬುರಗಿ ನಮಗೆ ದೂರ ಅಲ್ಲ. ಊರಲ್ಲಿ ಎಲ್ಲರಿಗೂ ಅಂಜಿಕೆ ಹುಟ್ಟಿತು. ಮಾರ್ಚ್ 22ರಂದು ಜನತಾ ಕರ್ಫ್ಯೂ ಆಯಿತು. ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ಅವತ್ತೇ ಯುಗಾದಿ. ಬೇವು ಬೆಲ್ಲ ತಿಂದೆವು. ಆದರೆ ಗುಡಿಗೆ ಹೋಗಲಿಲ್ಲ. ಬಾಗಿಲು ಹಾಕಿತ್ತು. ಪೂಜಾರಿಯೊಬ್ಬರೇ ಒಳಗೆ ಹೋಗಿ ಪೂಜೆ ಮಾಡಿ ಬರುತ್ತಿದ್ದರು.

"ಗುಡಿ ಯಾಕ ಮುಚ್ಚಬೇಕು? ದೇವರೇ ಕಾಯ್ತಾನ" ಎಂದು ಕೆಲವರು ವಾದ ಮಾಡಿದರು. ಇನ್ನು ಕೆಲವರು ಹಳೆಯ ಮಾತು ತೆಗೆದರು. "ಹಿಂದ ಪ್ಲೇಗ್ ಬಂದಾಗ ಊರಿಗೆ ಊರೇ ಕೂಡಿ ಹೊಲಕ್ಕ ಹೋಗ್ತಿದ್ದರು. ದೇವರನ್ನೂ ಒಯ್ತಿದ್ದರು. ಈಗ ಯಾಕ ಕೂಡಬಾರದು?"

ಇದು ಒಳ್ಳೆಯ ಪ್ರಶ್ನೆ. ಉತ್ತರ ತಿಳಿಯೋಣ. ಪ್ಲೇಗ್ 1898ರಲ್ಲಿ ಹುಬ್ಬಳ್ಳಿ, ಬೆಂಗಳೂರು ಕಡೆ ಬಂತು. ಅದು ಇಲಿಯ ಮೈಮೇಲಿನ ಚಿಗಟದಿಂದ ಹರಡುವ ರೋಗ. ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು. ಇಲಿಗಳು ಊರಲ್ಲೇ ಉಳಿದವು. ಜನ ಉಳಿದರು. ಹಿರಿಯರು ಮಾಡಿದ್ದು ಸರಿಯೇ ಇತ್ತು. ಕೊರೋನಾ ಹಾಗಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ, ಉಸಿರಿನಿಂದ ಹರಡುತ್ತದೆ. ಕೂಡಿ ಹೋದರೆ ರೋಗವೂ ಜೊತೆಗೇ ಬರುತ್ತದೆ.

ಅದರಲ್ಲೂ ಹಾಡುವುದು ಹೆಚ್ಚು ಅಪಾಯ. ಅಮೆರಿಕ ದೇಶದಲ್ಲಿ ನಡೆದ ಒಂದು ಸಂಗತಿ ಕೇಳಿರಿ. ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬ ಕಡೆ ಒಂದು ಹಾಡಿನ ಮೇಳ ಇತ್ತು. ನಮ್ಮ ಭಜನಾ ಮೇಳದ ಹಾಗೆ. ಕಲಬುರಗಿಯ ಹಿರಿಯರು ತೀರಿಕೊಂಡ ದಿನವೇ, ಅಂದರೆ 2020ರ ಮಾರ್ಚ್ 10ರಂದು, ಅಲ್ಲಿ 61 ಮಂದಿ ಒಂದು ಚರ್ಚಿನಲ್ಲಿ ಸೇರಿದರು. ಎರಡೂವರೆ ತಾಸು ಹಾಡಿನ ತಾಲೀಮು ಮಾಡಿದರು. ಅವರಲ್ಲಿ ಒಬ್ಬರಿಗೆ ನೆಗಡಿಯ ಹಾಗೆ ಆಗಿತ್ತು. ಒಟ್ಟು 53 ಮಂದಿ ಕಾಯಿಲೆ ಬಿದ್ದರು. ಇಬ್ಬರು ತೀರಿಕೊಂಡರು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಬಾಯಿ ತೆರೆದು ಹಾಡಿದ್ದರು, ಅಷ್ಟೇ. ಗಟ್ಟಿಯಾಗಿ ಹಾಡಿದಾಗ ಉಸಿರಿನ ಜೊತೆ ಕಣ್ಣಿಗೆ ಕಾಣದ ಹನಿಗಳು ಹೊರಬರುತ್ತವೆ. ಮುಚ್ಚಿದ ಕೋಣೆಯಲ್ಲಿ ಅವು ಗಾಳಿಯಲ್ಲೇ ತೇಲುತ್ತವೆ. ಪಕ್ಕದವರು ಅದೇ ಗಾಳಿ ಸೇದುತ್ತಾರೆ.

ಈ ಸುದ್ದಿಯನ್ನು ನಾನು ಓದಿ ಹೇಳಿದೆ. ಹಿರಿಯರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ "ಭಜನಿ ಬ್ಯಾಡ" ಅಂದರು.

ಭಜನೆ ಇಲ್ಲದ ಮೊದಲ ಸೋಮವಾರ ಓಣಿಯಲ್ಲಿ ಬರೀ ನಾಯಿ ಬೊಗಳುವ ಸಪ್ಪಳ. ನನಗೂ ಊಟ ರುಚಿಸಲಿಲ್ಲ. ಮರುದಿನ ಹಿರಿಯರು ನನ್ನನ್ನು ಕರೆಸಿದರು. ಅಂಗಳದಲ್ಲಿ ದೂರ ಕೂಡಿಸಿದರು.

"ಮಾಸ್ತರ, ಹಾಡದಿದ್ದರ ನಡೀತದ. ಯಾರು ಬಂದಿಲ್ಲ ಅಂತ ಈಗ ಯಾರನ್ನ ಕೇಳಬೇಕು? ಯಾರೂ ಬಂದಿಲ್ಲ!"

ಅವರ ಚಿಂತೆ ಅದೇ. ಓಣಿಯಲ್ಲಿ ಒಂಟಿ ಮುದುಕರು ಇದ್ದರು. ಮಕ್ಕಳು ದುಡಿಯಲು ಮುಂಬೈ, ಪುಣೆ, ಬೆಂಗಳೂರಿಗೆ ಹೋಗಿದ್ದರು. ಅವರನ್ನು ವಾರಕ್ಕೊಮ್ಮೆ ನೋಡುವ ಜಾಗ ಭಜನೆ ಒಂದೇ ಆಗಿತ್ತು.

ನಮ್ಮಲ್ಲಿ ಒಂದು ವಂತಿಗೆ ಪುಸ್ತಕ ಇತ್ತು. ಯಾರು ಎಷ್ಟು ರೂಪಾಯಿ ಕೊಟ್ಟರು ಎಂದು ಬರೆಯುವ ಪುಸ್ತಕ. ಅದರಲ್ಲಿ ಎಲ್ಲ ಮನೆಗಳ ಹೆಸರು ಇದ್ದವು. ಹೆಸರಿನ ಮುಂದೆ ಫೋನ್ ನಂಬರು ಬರೆಯಲು ಹಿರಿಯರು ಹೇಳಿದರು. ನಾನು ಬರೆದೆ. ಒಬ್ಬೊಬ್ಬರಿಗೆ ಮೂರು ಮೂರು ಮನೆ ಹಂಚಿದೆವು. ಸೋಮವಾರ ಸಂಜೆ ಪೂಜಾರಿ ಗಂಟೆ ಬಾರಿಸಬೇಕು. ಗಂಟೆ ಕೇಳಿದ ಕೂಡಲೇ ಮನೆಮನೆಯಲ್ಲಿ ದೀಪ ಹಚ್ಚಬೇಕು. ಆಮೇಲೆ ತಮ್ಮ ಪಾಲಿನ ಮೂರು ಮನೆಗೆ ಫೋನ್ ಮಾಡಬೇಕು. ಉಂಡಿರಾ? ಗುಳಿಗೆ ಇದಾವಾ? ಕೆಮ್ಮು ಜ್ವರ ಏನರ ಅದನಾ? ಇಷ್ಟು ಕೇಳಿದರೆ ಸಾಕು. ರಾತ್ರಿ ಎಲ್ಲರೂ ಹಿರಿಯರಿಗೆ ಸುದ್ದಿ ಮುಟ್ಟಿಸಬೇಕು.

ಫೋನಿನಲ್ಲೇ ಭಜನೆ ಮಾಡಲೂ ನೋಡಿದೆವು. ಐದು ಮಂದಿಯನ್ನು ಒಂದೇ ಕರೆಗೆ ಕೂಡಿಸಿದೆವು. ಆಗಲಿಲ್ಲ. ಒಬ್ಬರ ತಾಳ ಇನ್ನೊಬ್ಬರಿಗೆ ತಡವಾಗಿ ಕೇಳುತ್ತಿತ್ತು. ಹಾಡು ಒಂದು ಕಡೆ, ತಾಳ ಒಂದು ಕಡೆ. ಪೆಟ್ಟಿಗೆ ಬಾರಿಸುವ ಕಾಕಾ "ಇದು ಭಜನಿ ಅಲ್ಲೋ ಮಾರಾಯ, ಸಂತಿ" ಎಂದು ನಕ್ಕರು. ಕಡೆಗೆ ಅವರೊಬ್ಬರೇ ಪೆಟ್ಟಿಗೆ ಬಾರಿಸಿ ಒಂದು ಪದ ಹಾಡುವುದು, ಉಳಿದವರು ಕೇಳುವುದು ಎಂದಾಯಿತು. ಅದು ಚೆನ್ನಾಗಿ ನಡೆಯಿತು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಮೂಲಿಮನೆ ಅಜ್ಜಿಯ ನಂಬರಿನಲ್ಲಿ ಒಂದು ಅಂಕಿ ತಪ್ಪು ಬರೆದೆ. 6 ಇರುವಲ್ಲಿ 9 ಬರೆದಿದ್ದೆ. ಫೋನ್ ಮಾಡಿದವರಿಗೆ ಯಾರೂ ಎತ್ತಲಿಲ್ಲ. ಅಜ್ಜಿ ಮಲಗಿರಬೇಕು ಎಂದುಕೊಂಡರು. ನಾಲ್ಕು ದಿನ ಹೀಗೇ ಹೋಯಿತು. ಆ ನಾಲ್ಕು ದಿನ ಅಜ್ಜಿಯ ಬಿ.ಪಿ. ಗುಳಿಗೆ ಮುಗಿದಿತ್ತು. ತಲೆ ಸುತ್ತಿ ಮಲಗಿದ್ದಳು. ನೀರು ತರಲು ಹೋದ ಹುಡುಗಿ ನೋಡಿ ಬಂದು ಹೇಳಿದಳು. ಆಶಾ ಕಾರ್ಯಕರ್ತೆ ಗುಳಿಗೆ ತಂದುಕೊಟ್ಟರು. ಅಜ್ಜಿ ಎದ್ದು ಕೂತಳು.

ನಾನು ಹೋಗಿ ಬಾಗಿಲ ಹೊರಗೆ ನಿಂತೆ. ಅಜ್ಜಿ ಬೈಯಲಿಲ್ಲ.

"ಎಲ್ಲಾರೂ ನನ್ನ ಮರತರು ಅಂತ ಮಾಡಿದ್ದೆ ತಮ್ಮಾ" ಅಂದಳು.

ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅಜ್ಜಿಯೇ ಕೇಳಿದಳು. "ಈ ಫೋನು ಬಂದರ ಎತ್ತತೀನಿ. ನಾನಾ ಒತ್ತಬೇಕಂದರ ಬರೂದಿಲ್ಲ. ನನಗ ಕಲಿಸು."

ಅಜ್ಜಿಗೆ ಅಂಕಿ ಬರುವುದಿಲ್ಲ ಎಂದಲ್ಲ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಾಟೀನಿನ ಬೆಳಕಿನಲ್ಲಿ ಕಲಿತಿದ್ದಳು. ಆದರೆ ಆಗ ಕಲಿತದ್ದು ಕನ್ನಡ ಅಂಕಿ. ಫೋನಿನ ಗುಂಡಿಯ ಮೇಲೆ ಇರುವುದು ಬೇರೆ ಅಂಕಿ. ನಾವು ಕಲಿಸುವವರು ಇದನ್ನು ಎಷ್ಟೋ ಸಲ ಮರೆಯುತ್ತೇವೆ. ನಾನು ಬಳಪ ತೆಗೆದುಕೊಂಡು ಅವಳ ಮನೆಯ ಹೊರಗಿನ ಗೋಡೆಯ ಮೇಲೆ ಹೀಗೆ ಬರೆದೆ. ನೀವೂ ಓದಿರಿ.

೧ 1   ೨ 2   ೩ 3   ೪ 4   ೫ 5
೬ 6   ೭ 7   ೮ 8   ೯ 9   ೦ 0

ಸೊನ್ನೆ ನೋಡಿರಿ. ಎರಡರಲ್ಲೂ ಒಂದೇ. ಅಜ್ಜಿ ಅದನ್ನು ನೋಡಿ "ಇದೊಂದು ನಮ್ಮ ಬಳಗದ್ದು" ಅಂದಳು. 6 ಮತ್ತು 9 ಅವಳಿಗೆ ಕಷ್ಟ ಆಯಿತು. "ಒಂದು ತಲಿಕೆಳಗ ನಿಂತದ" ಎಂದಳು. ನನಗೂ ಅದೇ ಕಷ್ಟ ಆಗಿತ್ತಲ್ಲ! ಅಜ್ಜಿ ಬಾಗಿಲ ಒಳಗೆ, ನಾನು ಬೀದಿಯಲ್ಲಿ. ಆರು ದಿನ ಪಾಠ ನಡೆಯಿತು. ಏಳನೆಯ ದಿನ ಹತ್ತು ಅಂಕಿ ಒತ್ತಿದಳು. ಹಸಿರು ಗುಂಡಿ ಒತ್ತಿದಳು. ಹಿರಿಯರು ಫೋನ್ ಎತ್ತಿದರು.

"ಇವತ್ತ ಯಾರು ಬಂದಿಲ್ಲರಿ?" ಎಂದು ಅಜ್ಜಿಯೇ ಅವರನ್ನು ಕೇಳಿದಳು.

ಗುಡಿ ಮುಚ್ಚಿದ್ದು ನಮ್ಮೂರಲ್ಲಿ ಮಾತ್ರ ಅಲ್ಲ. ರಾಯಚೂರಿಗೆ ಹತ್ತಿರದ ಮಂತ್ರಾಲಯದ ಮಠದಲ್ಲಿ 2020ರ ಮಾರ್ಚ್‌ನಲ್ಲಿ ಭಕ್ತರ ದರ್ಶನ ನಿಂತಿತು. ಪೂಜೆ ನಿಲ್ಲಲಿಲ್ಲ. ಏಪ್ರಿಲ್ 12ರ ಈಸ್ಟರ್ ಹಬ್ಬದಲ್ಲಿ ಕ್ರೈಸ್ತರು ಮನೆಯಲ್ಲೇ ಪ್ರಾರ್ಥನೆ ಮಾಡಿದರು. ಏಪ್ರಿಲ್ ಕೊನೆಗೆ ರಂಜಾನ್ ಉಪವಾಸ ಶುರುವಾಯಿತು. ಮಸೀದಿಯಿಂದ ಆಜಾನ್ ಕೇಳುತ್ತಿತ್ತು, ನಮಾಜು ಮನೆಯಲ್ಲಿ. ಮೆಕ್ಕಾದ ಹಜ್ ಯಾತ್ರೆಗೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಸೇರುತ್ತಿದ್ದರು. 2020ರಲ್ಲಿ ಬಿಟ್ಟದ್ದು ಸುಮಾರು ಒಂದು ಸಾವಿರ ಜನರನ್ನು. ಆ ವರ್ಷ ಆಗಸ್ಟ್‌ನ ಮೊಹರಂನಲ್ಲಿ ಮೆರವಣಿಗೆಗೆ ಅನುಮತಿ ಇರಲಿಲ್ಲ. ನಮ್ಮ ಕಡೆ ಮೊಹರಂ ಎಂದರೆ ಎಲ್ಲ ಜಾತಿಯವರ ಹಬ್ಬ. ಅಲಾಯಿ ಕುಣಿಯದ ಮೊಹರಂ ಹಿರಿಯರು ಕಂಡಿರಲಿಲ್ಲ.

ಎಲ್ಲರೂ ಕೇಳಿದರು ಎಂದಲ್ಲ. ಕಲಬುರಗಿ ಜಿಲ್ಲೆಯ ಒಂದು ಊರಿನಲ್ಲಿ ಏಪ್ರಿಲ್‌ನಲ್ಲಿ ನೂರಾರು ಜನ ಸೇರಿ ತೇರು ಎಳೆದರು. ಪೊಲೀಸರು ಕೇಸು ಹಾಕಿದರು.

ಫೋನಿನಿಂದ ಕೆಟ್ಟದ್ದೂ ಆಯಿತು. ಅದನ್ನು ಮುಚ್ಚಿಡಬಾರದು. "ಇಂಥ ಧರ್ಮದವರೇ ರೋಗ ಹಚ್ಚುತ್ತಾರೆ, ಅವರ ಹತ್ತಿರ ಕಾಯಿಪಲ್ಯ ಕೊಳ್ಳಬೇಡಿ" ಎಂಬ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಓಡಾಡಿತು. ನಮ್ಮ ಗುಂಪಿಗೂ ಬಂತು. ತಳ್ಳುಗಾಡಿಯ ಚಾಚಾ ಎರಡು ದಿನ ಓಣಿಗೆ ಬರಲಿಲ್ಲ. ಹಿರಿಯರಿಗೆ ಓದಲು ಬರುವುದಿಲ್ಲ. ಮೊಮ್ಮಗನಿಂದ ಓದಿಸಿ ಕೇಳಿದರು. ಮರುದಿನ ತಾವೇ ಚಾಚಾನಿಗೆ ಫೋನ್ ಮಾಡಿಸಿ "ನಮ್ಮ ಮನಿ ಮುಂದ ಗಾಡಿ ನಿಲ್ಲಿಸು" ಎಂದರು. ಆ ಸುದ್ದಿ ಹಾಕಿದವನು ಓದಿದವನೇ. ಅಕ್ಷರ ಕಲಿತರೆ ಸಾಲದು ಎಂದು ನನಗೆ ಅವತ್ತು ಅನಿಸಿತು.

ಮೇ ತಿಂಗಳಲ್ಲಿ ಮುಂಬೈ ಕಡೆ ದುಡಿಯಲು ಹೋದವರು ಮರಳಿ ಬಂದರು. ದೇವದುರ್ಗ ತಾಲೂಕಿಗೆ ಬಹಳ ಜನ ಬಂದರು. ಅವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಬೇರೆ ಇರಿಸಿದರು. ಕೆಲವರಿಗೆ ರೋಗ ಇರುವುದು ಗೊತ್ತಾಯಿತು. ಅಲ್ಲಿಯವರೆಗೆ ರಾಯಚೂರು ಜಿಲ್ಲೆಯಲ್ಲಿ ರೋಗ ಕಂಡಿರಲಿಲ್ಲ. ಜನ ಅವರನ್ನು ಕಂಡು ಮುಖ ತಿರುಗಿಸಿದರು. ಸ್ವಂತ ಊರಿನ ಮಕ್ಕಳು! ನಮ್ಮ ಭಜನೆಯವರಲ್ಲೂ ಜಗಳ ಆಯಿತು. ಕಡೆಗೆ ವಂತಿಗೆ ಪುಸ್ತಕದಲ್ಲಿ ಅವರ ಹೆಸರೂ ನಂಬರೂ ಬರೆದೆವು. ವಂತಿಗೆ ಹಣದಲ್ಲಿ ಸೋಪು ಕೊಂಡೆವು. ಮನೆಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೂಡಿಸಿ ಗೇಟಿನ ಹತ್ತಿರ ಇಟ್ಟು ಬಂದೆವು. ಎಲ್ಲರೂ ಕೊಟ್ಟರು ಎಂದು ಹೇಳಲಾರೆ.

2020ರ ಜೂನ್ 8ರಂದು ಗುಡಿ, ಮಸೀದಿ, ಚರ್ಚು ತೆರೆಯಲು ಸರ್ಕಾರ ಒಪ್ಪಿತು. ಆದರೆ ಪ್ರಸಾದ ಹಂಚುವಂತಿಲ್ಲ, ಮೇಳ ಕೂಡಿ ಹಾಡುವಂತಿಲ್ಲ. ಅಮೆರಿಕದ ಆ ಮೇಳದ ಸಂಗತಿ ನೆನಪಿದೆಯಲ್ಲ? ನಿಯಮದ ಹಿಂದೆ ಅಂಥ ಕಾರಣ ಇತ್ತು.

2021ರಲ್ಲಿ ರೋಗ ಮತ್ತೆ ಬಂತು. ಈ ಸಲ ಜೋರಾಗಿ ಬಂತು. ಮೇ 14ರಂದು ಬಸವ ಜಯಂತಿ, ರಂಜಾನ್ ಎರಡೂ ಒಂದೇ ದಿನ ಬಿದ್ದವು. ಎರಡೂ ಮನೆಯೊಳಗೇ ಆದವು. ಅದೇ ತಿಂಗಳು ಕೊಪ್ಪಳದ ಗವಿಮಠದವರು ತಮ್ಮ ಕಟ್ಟಡವನ್ನೇ ಕೊರೋನಾ ಆಸ್ಪತ್ರೆ ಮಾಡಿದರು. 100 ಹಾಸಿಗೆ ಹಾಕಿಸಿದರು. ಜಾತ್ರೆಗೆ ಲಕ್ಷ ಲಕ್ಷ ಜನ ಸೇರುವ ಮಠ ಅದು.

ಆ ಮೇ ತಿಂಗಳಲ್ಲೇ ನಮ್ಮ ಪೆಟ್ಟಿಗೆ ಬಾರಿಸುವ ಕಾಕಾ ಹೋದರು. ಆಸ್ಪತ್ರೆಗೆ ಹೋದವರು ಮರಳಿ ಬರಲಿಲ್ಲ. ಮಣ್ಣಿಗೆ ನಾಲ್ಕೈದು ಮಂದಿ ಮಾತ್ರ ಹೋದರು. ನಮ್ಮಲ್ಲಿ ಸತ್ತವರ ಮನೆ ಮುಂದೆ ರಾತ್ರಿಯೆಲ್ಲ ಭಜನೆ ಆಗಬೇಕು. ಎಷ್ಟೋ ಮನೆ ಮುಂದೆ ಕಾಕಾನೇ ಪೆಟ್ಟಿಗೆ ಬಾರಿಸಿದ್ದರು. ಅವರ ಮನೆ ಮುಂದೆ ಯಾರೂ ಹಾಡಲಿಲ್ಲ.

ಮೂಲಿಮನೆ ಅಜ್ಜಿ ಪುಸ್ತಕದ ನಂಬರು ನೋಡಿ ಕಾಕಾನ ಹೆಂಡತಿಗೆ ಫೋನ್ ಮಾಡಿದಳು. ಮಾತಾಡಲು ಏನಿದೆ? ಇಬ್ಬರೂ ಫೋನ್ ಹಿಡಿದು ಅತ್ತರು. ಮರುದಿನ ಬೇರೆಯವರು ಮಾಡಿದರು. ಹನ್ನೊಂದು ದಿನ ದಿನಕ್ಕೊಬ್ಬರು ಹೆಂಗಸರು ಆ ಚಿಕ್ಕಮ್ಮನಿಗೆ ಫೋನ್ ಮಾಡಿದರು. ಉಂಡಿಯಾ ಎಂದು ಕೇಳಿದರು. ಸಂಜೆ ಗಂಟೆ ಕೇಳಿದಾಗ ಎಲ್ಲರೂ ಬಾಗಿಲ ಹೊರಗೆ ಒಂದು ದೀಪ ಇಟ್ಟರು. ಆ ಚಿಕ್ಕಮ್ಮ ಮಾಳಿಗೆ ಹತ್ತಿ ನೋಡಿದಳಂತೆ. ಇದನ್ನು ಆಕೆ ಹೇಳಿದ್ದು ಒಂದು ವರ್ಷ ಆದ ಮೇಲೆ.

ಆಗ ಲಸಿಕೆ ಬಂದಿತ್ತು. ಜನ ಅಂಜುತ್ತಿದ್ದರು. ಹಿರಿಯರು ಮೊದಲು ಹಾಕಿಸಿಕೊಂಡರು. ಆಮೇಲೆ ಒಂದೊಂದೇ ಮನೆಗೆ ಫೋನ್ ಹಚ್ಚಿಸಿ ಹೇಳಿದರು. "ನಾನು ಹಾಕಿಸಿಕೊಂಡೀನಿ. ಒಂದು ದಿನ ಜ್ವರ ಬಂತು. ಈಗ ಆರಾಮ ಅದೀನಿ. ನೀವೂ ಹೋಗಿ ಬರ್ರಿ." ನಾನು ಶಾಲೆಯಲ್ಲಿ ನಿಂತು ಹೇಳಿದ್ದಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು.

ಈಗ ಭಜನೆ ನಡೆಯುತ್ತದೆ. ಪೆಟ್ಟಿಗೆಯನ್ನು ಕಾಕಾನ ಮಗ ಬಾರಿಸುತ್ತಾನೆ. ಇನ್ನೂ ಕೈ ಕೂಡಿಲ್ಲ, ಕಲಿಯುತ್ತಿದ್ದಾನೆ. ವಂತಿಗೆ ಪುಸ್ತಕ ಹೊಸದು ತಂದೆವು. ಅದರಲ್ಲಿ ರೂಪಾಯಿಗೆ ಒಂದು ಸಾಲು, ಫೋನ್ ನಂಬರಿಗೆ ಒಂದು ಸಾಲು. ಬರೆಯುವವನು ನಾನೇ. ಬರೆದ ಮೇಲೆ ಅಜ್ಜಿ ಒಂದು ಸಲ ಬೆರಳಿಟ್ಟು ಓದಿ ನೋಡುತ್ತಾಳೆ.

ಓದಿದ ಮೇಲೆ ಮಾತಾಡಿರಿ, ಬರೆಯಿರಿ

ಪ್ಲೇಗ್ ಬಂದಾಗ ಜನ ಕೂಡಿ ಊರು ಬಿಟ್ಟರು. ಕೊರೋನಾ ಬಂದಾಗ ಯಾಕೆ ಕೂಡಬಾರದು?

ನಿಮ್ಮ ಓಣಿಯಲ್ಲಿ ಒಂಟಿಯಾಗಿ ಇರುವವರು ಯಾರು? ಅವರ ಹೆಸರು ಬರೆಯಿರಿ. ಅವರನ್ನು ಕೇಳಿ ಫೋನ್ ನಂಬರು ಬರೆಯಿರಿ. ಬರೆದ ಮೇಲೆ ಒಂದು ಸಲ ಒತ್ತಿ ನೋಡಿರಿ.

ಆಶಾ ಕಾರ್ಯಕರ್ತೆಯ ನಂಬರು ನಿಮ್ಮ ಮನೆಯಲ್ಲಿ ಎಲ್ಲಿ ಬರೆದಿದೆ?